ಎರೆ ಹೊಲದ ದಾರಿಗೆ ವಿದ್ಯುತ್ ಜೀಪು: ಬೇಕಿರುವುದು ವೇಗವಲ್ಲ, ಮರಳಿ ಬರುವ ಭರವಸೆ

ಹಾವೇರಿ: ಬೆಂಗಳೂರಿನಿಂದ ಪುಣೆಯತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ 48 ರಾಣೆಬೆನ್ನೂರನ್ನು ದಾಟಿ, ಮೋಟೆಬೆನ್ನೂರಿನಲ್ಲಿ ಬ್ಯಾಡಗಿಗೊಂದು ಕವಲು ಕೊಟ್ಟು ಹಾವೇರಿಯನ್ನು ಮುಟ್ಟುತ್ತದೆ. ಈ ಹೆದ್ದಾರಿಯ ಮೇಲೆ ಯಾವ ವಾಹನವೂ ಸೋಲುವುದಿಲ್ಲ. ಆದರೆ ಅದರಿಂದ ಒಂದಿಷ್ಟು ದೂರ ಒಳಗಿಳಿದರೆ ಡಾಂಬರು ಮುಗಿಯುತ್ತದೆ, ಹೊಲದ ದಾರಿ ಆರಂಭವಾಗುತ್ತದೆ. ಬೇಸಿಗೆಯಲ್ಲಿ ಬಾಯ್ದೆರೆದು ಬಿರುಕು ಬಿಡುವ ಎರೆ ಮಣ್ಣು ಮೃಗಶಿರಾ, ಆರಿದ್ರಾ ಮಳೆ ಬಿದ್ದೊಡನೆ ನೀರು ಕುಡಿದು ಉಬ್ಬುತ್ತದೆ. ಗಾಲಿಗೆ ಸುತ್ತಿಕೊಂಡು ಮಡ್‌ಗಾರ್ಡಿನವರೆಗೆ ಏರುತ್ತದೆ. ಆ ಹೊತ್ತಿನಲ್ಲಿ ಲಕ್ಷಾಂತರ ರೂಪಾಯಿಯ ಕಾರಿಗೂ ಸಾವಿರಾರು ರೂಪಾಯಿಯ ಬೈಕಿಗೂ ಭೇದವಿರುವುದಿಲ್ಲ. ಎರಡೂ ಟ್ರ್ಯಾಕ್ಟರಿನ ಹಗ್ಗಕ್ಕಾಗಿ ಕಾಯುತ್ತವೆ.

ಇಂಥ ದಾರಿಗಳಿಗಾಗಿಯೇ ತಯಾರಾಗುವ ವಾಹನಗಳ ಲೋಕದಲ್ಲಿ ಈಗ ದೊಡ್ಡ ಬದಲಾವಣೆಯೊಂದು ನಡೆಯುತ್ತಿದೆ. ಡೀಸೆಲ್ ಹೊಗೆ ಮತ್ತು ಗೇರಿನ ಗದ್ದಲವೇ ಗುರುತಾಗಿದ್ದ ಜೀಪಿನ ಜಾಗಕ್ಕೆ ಸದ್ದಿಲ್ಲದ ವಿದ್ಯುತ್ ವಾಹನ ಬಂದು ನಿಲ್ಲುತ್ತಿದೆ. ರಸ್ತೆ ಬಿಟ್ಟು ಓಡಿಸುವ ಹವ್ಯಾಸಿಗಳು ಈ ಹೊಸ ವಾಹನದಿಂದ ಏನನ್ನು ಬಯಸುತ್ತಾರೆ? ಕಂಪನಿಗಳು ಏನನ್ನು ಕೊಡುತ್ತಿವೆ? ಇವೆರಡರ ನಡುವಿನ ಅಂತರವನ್ನು ಅಳೆಯಲು ಮಹಾನಗರದ ಷೋರೂಮಿಗಿಂತ ಹಾವೇರಿ ಜಿಲ್ಲೆಯ ಹೊಲದ ದಾರಿಯೇ ಸರಿಯಾದ ಅಳತೆಗೋಲು ಎಂಬುದು ಈ ಬರಹದ ವಾದ.

ಬಂದಿರುವುದೇನು, ಬರಲಿರುವುದೇನು

ವಿದ್ಯುತ್ ಕಾರು ಕರ್ನಾಟಕಕ್ಕೆ ಹೊಸತಲ್ಲ. 2001ರಲ್ಲೇ ಬೆಂಗಳೂರಿನ ರೇವಾ ರಸ್ತೆಗಿಳಿದಿತ್ತು. 2010ರಲ್ಲಿ ಆ ಕಂಪನಿಯ ಬಹುಪಾಲು ಒಡೆತನ ಮಹೀಂದ್ರಾ ಪಾಲಾಯಿತು. 2017ರಲ್ಲಿ ವಿದ್ಯುತ್ ವಾಹನಗಳಿಗೆಂದೇ ಪ್ರತ್ಯೇಕ ನೀತಿಯನ್ನು ಪ್ರಕಟಿಸಿದ ದೇಶದ ಮೊದಲ ರಾಜ್ಯವೂ ನಮ್ಮದೇ. ಆದರೆ ರೇವಾ ಊರೊಳಗಿನ ಓಡಾಟಕ್ಕೆ ಹುಟ್ಟಿದ ಪುಟ್ಟ ಕಾರು. ಕಲ್ಲು, ಕೆಸರು, ಹಳ್ಳಗಳನ್ನು ದಾಟುವ ವಿದ್ಯುತ್ ವಾಹನದ ಮಾತು ಗಂಭೀರವಾಗಿ ಕೇಳಿಬಂದದ್ದು ತೀರ ಇತ್ತೀಚೆಗೆ.

2023ರ ಆಗಸ್ಟ್ 15ರಂದು ದಕ್ಷಿಣ ಆಫ್ರಿಕಾದ ಕೇಪ್ ಟೌನಿನಲ್ಲಿ ಮಹೀಂದ್ರಾ ತನ್ನ ಥಾರ್ ಜೀಪಿನ ವಿದ್ಯುತ್ ರೂಪದ ಮಾದರಿಯೊಂದನ್ನು ಪ್ರದರ್ಶಿಸಿತು. ಎರಡು ವರ್ಷಗಳ ಬಳಿಕ, 2025ರ ಆಗಸ್ಟ್ 15ರಂದು ಮುಂಬೈನಲ್ಲಿ ವಿಷನ್ ಟಿ ಎಂಬ ಇನ್ನೊಂದು ಮಾದರಿ ಬಂದಿತು. ಅದರ ಬುನಾದಿಯ ಮೇಲೆ ತಯಾರಾಗುವ ವಾಹನಗಳು 2027ರಿಂದ ಹೊರಬರಲಿವೆ ಎಂದು ಕಂಪನಿ ಆಗ ಹೇಳಿತು. ಈ ನಡುವೆ 2025ರ ಜೂನ್‌ನಲ್ಲಿ ಟಾಟಾ ಕಂಪನಿ ಹ್ಯಾರಿಯರ್ ಇವಿಯನ್ನು ಮಾರುಕಟ್ಟೆಗಿಳಿಸಿತು. ಮುಂದೊಂದು, ಹಿಂದೊಂದು ಮೋಟಾರು ಇರುವ, ನಾಲ್ಕೂ ಗಾಲಿಗಳಿಗೆ ಶಕ್ತಿ ಹರಿಸುವ ಅದರ ಮಾದರಿಯನ್ನು ಕೇರಳದ ವಾಗಮಣ್ಣಿನ ಆನೆಬಂಡೆಯನ್ನು ಹತ್ತಿಸಿ ತೋರಿಸಲಾಯಿತು. ಸಿರಿವಂತರ ಸಾಲಿನಲ್ಲಿ, ನಾಲ್ಕು ಗಾಲಿಗೆ ನಾಲ್ಕು ಮೋಟಾರು ಹೊತ್ತ ಮರ್ಸಿಡಿಸ್ ಜಿ 580 ಅದೇ ವರ್ಷದ ಜನವರಿಯಲ್ಲಿ 3 ಕೋಟಿ ರೂಪಾಯಿ ಬೆಲೆಯೊಡನೆ ಭಾರತಕ್ಕೆ ಬಂದಿತ್ತು.

ಹಾಗಾಗಿ ಪ್ರಶ್ನೆ ಈಗ ಕಲ್ಪನೆಯದಲ್ಲ. ವಾಹನ ಬಂದಿದೆ, ಇನ್ನಷ್ಟು ಬರಲಿವೆ. ಅವು ಯಾರಿಗಾಗಿ ಎಂಬುದಷ್ಟೇ ಇತ್ಯರ್ಥವಾಗಬೇಕಿದೆ.

ಹವ್ಯಾಸಿ ಯಾರು?

ಜಾಹೀರಾತಿನ ಹವ್ಯಾಸಿ ನಗರವಾಸಿ. ವಾರವಿಡೀ ಕಚೇರಿ, ವಾರಾಂತ್ಯಕ್ಕೆ ಬೆಟ್ಟ. ಹಾವೇರಿ ಸೀಮೆಯಲ್ಲೂ ಅಂಥವರಿದ್ದಾರೆ. ಮಳೆ ಹಿಡಿದೊಡನೆ ಹಾನಗಲ್ಲಿನಾಚೆ ಮಲೆನಾಡಿನ ಅಂಚಿಗೆ ಜೀಪು ಹೊಡೆದುಕೊಂಡು ಹೋಗುವ ಯುವಕರು, ತುಂಗಭದ್ರೆಯ ದಂಡೆಯ ಉಸುಕಿನಲ್ಲಿ ಗಾಲಿಯ ಬಿಗಿ ಪರೀಕ್ಷಿಸುವವರು, ಹಳೆಯ ಜೀಪನ್ನು ಗ್ಯಾರೇಜಿನಲ್ಲಿ ಬಿಚ್ಚಿ ಹೊಸ ಬಣ್ಣ, ಹೊಸ ಟೈರು ಕಟ್ಟಿ ಮೆರೆಸುವವರು ಎಲ್ಲ ಊರುಗಳಲ್ಲೂ ಸಿಗುತ್ತಾರೆ. ದೀಪಾವಳಿಯ ಬಳಿಕ ಕೊಬ್ಬರಿ ಹೋರಿ ಓಡಿಸಿ, ಅದರ ಓಟ, ಹಟ, ಎದೆಗಾರಿಕೆಯ ಬಗ್ಗೆ ವರ್ಷವಿಡೀ ಮಾತನಾಡುವ ನಾಡು ಇದು. ಬಲವುಳ್ಳದ್ದನ್ನು ಸಾಕುವ ಖುಷಿ ಇಲ್ಲಿಯವರಿಗೆ ಯಾರೂ ಕಲಿಸಬೇಕಿಲ್ಲ.

ಆದರೆ ಈ ಭಾಗದಲ್ಲಿ ಜೀಪಿನ ನಂಟು ಹವ್ಯಾಸದಿಂದ ಹುಟ್ಟಿದ್ದಲ್ಲ. ಬಸ್ಸಿಲ್ಲದ ಹಳ್ಳಿಗಳಿಗೆ ಕಮಾಂಡರ್ ಜೀಪು, ಟ್ರ್ಯಾಕ್ಸ್‌ಗಳೇ ದಶಕಗಳ ಕಾಲ ಬಸ್ಸಾಗಿದ್ದವು. ಸಂತೆಗೆ, ಜಾತ್ರೆಗೆ, ಮದುವೆಗೆ, ಹೆರಿಗೆಗೆ ಅವೇ. ಟಂಟಂಗಳು ಬಂದ ಮೇಲೆ ಅವುಗಳ ಸಂಖ್ಯೆ ತಗ್ಗಿತೇ ಹೊರತು ನೆನಪು ಮಾಸಿಲ್ಲ. ಆದ್ದರಿಂದ ಇಲ್ಲಿಯ ವಾಹನಪ್ರಿಯ ಒಂದು ವಾಹನವನ್ನು ನೋಡುವಾಗ ಎರಡು ಕಣ್ಣುಗಳಿಂದ ನೋಡುತ್ತಾನೆ. ಒಂದು ಕಣ್ಣಿಗೆ ಅದು ಆಟಿಕೆ, ಇನ್ನೊಂದಕ್ಕೆ ಎತ್ತು. ಆಟಿಕೆ ಮುರಿದರೆ ಬೇಸರ, ಅಷ್ಟೆ. ಎತ್ತು ಹೊಲದ ನಡುವೆ ಮಲಗಿದರೆ ಬಿತ್ತನೆಯ ಹದವೇ ತಪ್ಪುತ್ತದೆ.

ಮೋಟಾರು ಕೊಡುವ ವರ

ಮೊದಲು ಒಳ್ಳೆಯದನ್ನು ಒಪ್ಪಿಕೊಳ್ಳಬೇಕು. ದುರ್ಗಮ ದಾರಿಗೆ ವಿದ್ಯುತ್ ಮೋಟಾರಿನಷ್ಟು ಹೊಂದುವ ಯಂತ್ರ ಇನ್ನೊಂದಿಲ್ಲ. ಡೀಸೆಲ್ ಎಂಜಿನ್ ತನ್ನ ಪೂರ್ಣ ತಿರುಗುಬಲವನ್ನು, ಎಂದರೆ ಟಾರ್ಕನ್ನು, ಕೊಡಬೇಕಾದರೆ ಅದು ಒಂದು ವೇಗದಲ್ಲಿ ತಿರುಗುತ್ತಿರಬೇಕು. 2020ರ ಥಾರ್ ಡೀಸೆಲ್ 300 ನ್ಯೂಟನ್ ಮೀಟರ್ ಬಲ ಕೊಡುವುದು ನಿಮಿಷಕ್ಕೆ 1,600 ಸುತ್ತು ದಾಟಿದ ಮೇಲೆ. ಅದಕ್ಕಾಗಿಯೇ ಕ್ಲಚ್ಚಿನ ಆಟ, ಲೋ ಗೇರಿನ ಪೆಟ್ಟಿಗೆ, ಕಲಿಯಲು ವರ್ಷಗಳೇ ಬೇಕಾಗುವ ಕಾಲಿನ ಹದ. ವಿದ್ಯುತ್ ಮೋಟಾರಿಗಾದರೋ ನಿಂತ ನಿಲುವಿನಲ್ಲೇ ಪೂರ್ಣ ಬಲ ಲಭ್ಯ. ಹ್ಯಾರಿಯರ್ ಇವಿಯ ಎರಡು ಮೋಟಾರುಗಳು ಕೂಡಿ 504 ನ್ಯೂಟನ್ ಮೀಟರ್ ಬಲ ಕೊಡುತ್ತವೆ ಎಂದು ಕಂಪನಿಯ ಹೇಳಿಕೆ. ಗಾಲಿ ಜಾರಿದ್ದನ್ನು ಅರಿತು ಕ್ಷಣಮಾತ್ರದಲ್ಲಿ ಬಲ ತಗ್ಗಿಸುವುದು, ಇಳಿಜಾರಿನಲ್ಲಿ ಮೋಟಾರೇ ವಾಹನವನ್ನು ಹಿಡಿದು ನಿಲ್ಲಿಸುವುದು, ಆ ಇಳಿತದಲ್ಲೇ ಅಷ್ಟಿಷ್ಟು ವಿದ್ಯುತ್ತನ್ನು ಬ್ಯಾಟರಿಗೆ ಮರಳಿಸುವುದು, ಇವೆಲ್ಲ ಹಳೆಯ ಜೀಪಿನಲ್ಲಿ ಕನಸಿನ ಮಾತು.

ಆದರೆ ಈ ವರವನ್ನು ಕಂಪನಿಗಳು ಮಾರುತ್ತಿರುವ ಬಗೆಯಲ್ಲಿ ದೋಷವಿದೆ. ನಿಂತ ಕಾರು 100 ಕಿಲೊಮೀಟರು ವೇಗ ಮುಟ್ಟಲು ಹ್ಯಾರಿಯರ್ ಇವಿಗೆ 6.3 ಸೆಕೆಂಡು ಸಾಕು ಎಂಬುದು ಜಾಹೀರಾತಿನ ಮುಖ್ಯ ಸಾಲುಗಳಲ್ಲೊಂದು. ಹೊಲದ ದಾರಿಯ ಚಾಲಕನಿಗೆ ಬೇಕಿರುವುದು ಇದರ ವಿರುದ್ಧ ಗುಣ. ಮನುಷ್ಯ ನಡೆಯುವುದಕ್ಕಿಂತ ನಿಧಾನವಾಗಿ, ಜರ್ಕು ಹೊಡೆಯದೆ, ತಾಸುಗಟ್ಟಲೆ ತೆವಳುವ ಶಕ್ತಿ ಅವನಿಗೆ ಬೇಕು. ಇಲ್ಲಿ ಮೋಟಾರಿನ ಕಷ್ಟ ಆರಂಭವಾಗುತ್ತದೆ. ವೇಗ ಕಡಿಮೆ, ಬಲ ಹೆಚ್ಚು ಎಂದರೆ ಮೋಟಾರಿನ ಸುರುಳಿಯಲ್ಲಿ ವಿದ್ಯುತ್ ಪ್ರವಾಹ ಹೆಚ್ಚು, ಅದರೊಡನೆ ಕಾವೂ ಹೆಚ್ಚು. ಕಾವು ಮಿತಿ ಮೀರಿದಾಗ ವಾಹನ ತನ್ನನ್ನು ತಾನು ಕಾಪಾಡಿಕೊಳ್ಳಲು ಶಕ್ತಿಯನ್ನು ಇಳಿಸುತ್ತದೆ. ಕೆಸರಿನ ನಟ್ಟನಡುವೆ ಶಕ್ತಿ ಇಳಿದರೆ ಅಲ್ಲಿಗೆ ಕಥೆ ಮುಗಿಯಿತು. ಎಷ್ಟು ಹೊತ್ತು, ಎಷ್ಟು ಬಲದಲ್ಲಿ, ಯಾವ ಬಿಸಿಲಿನಲ್ಲಿ ತೆವಳಬಲ್ಲದು ಎಂಬ ಅಂಕಿಯನ್ನು ಕಂಪನಿಗಳು ಕೊಡಲಿ ಎಂಬುದು ಹವ್ಯಾಸಿಯ ಮೊದಲ ಬೇಡಿಕೆಯಾಗಬೇಕು.

ಎರಡನೆಯದು ಡಿಫರೆನ್ಷಿಯಲ್ ಲಾಕ್. ಒಂದು ಗಾಲಿ ಗುಂಡಿಯ ಮೇಲೆ ತೇಲಿದಾಗ ಎಂಜಿನ್ನಿನ ಬಲವೆಲ್ಲ ಆ ತೇಲುವ ಗಾಲಿಗೇ ಹರಿದು ವ್ಯರ್ಥವಾಗುತ್ತದೆ. ಲಾಕ್ ಹಾಕಿದರೆ ಎರಡೂ ಗಾಲಿಗಳು ಒಂದಾಗಿ ತಿರುಗಿ, ನೆಲಕ್ಕೆ ಊರಿದ ಗಾಲಿ ವಾಹನವನ್ನು ಎತ್ತುತ್ತದೆ. ಇಂದಿನ ಬಹುತೇಕ ವಾಹನಗಳು ಈ ಕೆಲಸವನ್ನು ಬ್ರೇಕಿನಿಂದ ಮಾಡಿಸುತ್ತವೆ, ಎಂದರೆ ತೇಲುವ ಗಾಲಿಯನ್ನು ಬ್ರೇಕು ಹಿಡಿದು ನಿಲ್ಲಿಸುತ್ತವೆ. ಐದು ನಿಮಿಷದ ಪ್ರದರ್ಶನಕ್ಕೆ ಇದು ಸಾಕು. ಉದ್ದನೆಯ ಕೆಸರಿನ ದಾರಿಯಲ್ಲಿ ಬ್ರೇಕು ಕಾಯ್ದು ಸೋಲುತ್ತದೆ. ಕಬ್ಬಿಣದ ಲಾಕಿಗೆ ಅನುಭವಿಗಳು ಕೊಡುವ ಬೆಲೆ ಹಳೆಯ ಕಾಲದ ವ್ಯಾಮೋಹವಲ್ಲ.

ತೂಕ ಮತ್ತು ಚಕ್ಕಡಿಯ ಪಾಠ

ಬ್ಯಾಟರಿಯ ದೊಡ್ಡ ಶತ್ರು ಅದರದೇ ತೂಕ. ಮಾರುತಿ ಜಿಮ್ನಿಯ ಒಟ್ಟು ತೂಕ ಸುಮಾರು 1,200 ಕಿಲೊ. 75 ಕಿಲೊವ್ಯಾಟ್ ತಾಸಿನ ಬ್ಯಾಟರಿ ಹೊತ್ತ ಕಾರು ಎರಡು ಟನ್ನಿಗೂ ಮೀರಿ ತೂಗುತ್ತದೆ. ಜಿ 580ರದು ಮೂರು ಟನ್ನಿಗೂ ಹೆಚ್ಚು. ಬಂಡೆಯ ಮೇಲೆ ಈ ತೂಕ ಅಷ್ಟಾಗಿ ಕಾಡದು. ಬ್ಯಾಟರಿ ತಳದಲ್ಲಿರುವುದರಿಂದ ವಾಹನ ಪಲ್ಟಿಯಾಗುವ ಭಯ ಕಡಿಮೆಯಾಗುವ ಲಾಭವೂ ಉಂಟು. ಮಸಾರಿ ಮಣ್ಣಿನಲ್ಲೂ ಹೇಗೋ ನಡೆದೀತು. ಆದರೆ ಎರೆ ಮಣ್ಣು ತೂಕವನ್ನು ಕ್ಷಮಿಸುವುದಿಲ್ಲ. ಗಾಲಿ ಒಮ್ಮೆ ಹೂತರೆ ವಾಹನದ ಹೊಟ್ಟೆಯೇ ನೆಲಕ್ಕೆ ಕೂರುತ್ತದೆ. ವಿದ್ಯುತ್ ವಾಹನದ ಹೊಟ್ಟೆಯಲ್ಲಿರುವುದು ಅದರ ಅತ್ಯಂತ ಬೆಲೆಬಾಳುವ ಭಾಗವಾದ ಬ್ಯಾಟರಿ.

ನಮ್ಮ ಹಿರಿಯರು ಈ ಮಣ್ಣಿಗೆ ಉತ್ತರ ಕಂಡುಕೊಂಡಿದ್ದರು. ಉತ್ತರ ಕರ್ನಾಟಕದ ಹಳೆಯ ಚಕ್ಕಡಿಯ ಗಾಲಿ ಆಳೆತ್ತರದ್ದು. ಗಾಲಿ ಎತ್ತರವಾದಷ್ಟೂ ಗುಂಡಿಯನ್ನು ಏರಿ ಹೊರಬರುವುದು ಹಗುರ, ಎತ್ತಿಗೆ ಎಳೆತವೂ ಕಡಿಮೆ. ಇಂದಿನ ಎಂಜಿನಿಯರು ಇದನ್ನೇ ಬೇರೆ ಮಾತಿನಲ್ಲಿ ಹೇಳುತ್ತಾನೆ. ಆದರೆ ಮಾರುಕಟ್ಟೆಗೆ ಬರುತ್ತಿರುವ ವಿದ್ಯುತ್ ಎಸ್‌ಯುವಿಗಳಲ್ಲಿ ಕಾಣುವುದು ದೊಡ್ಡ ಅಲಾಯ್ ರಿಮ್ಮು, ಅದರ ಸುತ್ತ ತೆಳ್ಳಗಿನ ರಬ್ಬರಿನ ಅಂಚು. ಇದು ನೋಟಕ್ಕೆ ಚೆಂದ, ಹೆದ್ದಾರಿಗೆ ಹಿತ. ಕಲ್ಲಿನ ದಾರಿಗೆ ಬೇಕಾದುದು ಸಣ್ಣ ರಿಮ್ಮು, ದಪ್ಪ ಟೈರು, ಗಾಳಿ ಇಳಿಸಿ ಓಡಿಸಿದರೂ ಕಳಚದ ಅಂಚು. ಜೊತೆಗೆ ಪೂರ್ಣಗಾತ್ರದ ಸ್ಟೆಪ್ನಿ. ಹಲವು ವಿದ್ಯುತ್ ಕಾರುಗಳು ಸ್ಟೆಪ್ನಿಯನ್ನೇ ಕೈಬಿಟ್ಟು ಪಂಕ್ಚರ್ ತುಂಬುವ ಅಂಟಿನ ಡಬ್ಬಿಯನ್ನು ಕೊಡುತ್ತಿವೆ. ಕಲ್ಲಿಗೆ ಸಿಕ್ಕಿ ಟೈರಿನ ಪಕ್ಕೆ ಹರಿದರೆ ಆ ಡಬ್ಬಿಯಿಂದ ಆಗುವುದೇನೂ ಇಲ್ಲ.

ತಳ ಮತ್ತು ನೆಲದ ಅಂತರದಲ್ಲಿ ಥಾರ್ 2020ರಲ್ಲಿ ಒಂದು ಮಟ್ಟ ನಿಗದಿ ಮಾಡಿತು. ಅದರ ತಳ ನೆಲದಿಂದ 226 ಮಿಲಿಮೀಟರು ಎತ್ತರ, ಮುಂಭಾಗದ ಏರುಕೋನ 41.8 ಡಿಗ್ರಿ, 650 ಮಿಲಿಮೀಟರು ನೀರು ದಾಟುವ ಸಾಮರ್ಥ್ಯ. ಹೊಸ ವಿದ್ಯುತ್ ವಾಹನ ಕನಿಷ್ಠ ಈ ಮಟ್ಟವನ್ನು ಮುಟ್ಟಬೇಕೆಂಬುದು ಅತಿಯಾಸೆಯಲ್ಲ. ಮುಟ್ಟದಿದ್ದರೆ ಅದನ್ನು ಒಳ್ಳೆಯ ಕಾರು ಎನ್ನಬಹುದು, ಜೀಪು ಎನ್ನಲಾಗದು.

ಕಾಗದದ ದೂರ, ಕೆಸರಿನ ದೂರ

ಹಿಂದಿನ ಗಾಲಿಗಳಿಗೆ ಮಾತ್ರ ಶಕ್ತಿಯಿರುವ ಹ್ಯಾರಿಯರ್ ಇವಿ ಒಮ್ಮೆ ಚಾರ್ಜ್ ಮಾಡಿದರೆ 627 ಕಿಲೊಮೀಟರು ಓಡುತ್ತದೆ ಎಂಬುದು ಪ್ರಯೋಗಾಲಯದ ಅಂಕಿ. ನಿಜವಾದ ರಸ್ತೆಯಲ್ಲಿ ಅದು 500ರ ಆಸುಪಾಸು ಎಂದು ಕಂಪನಿಯೇ ಅಂದಾಜಿಸಿತು. ಹಾವೇರಿಯಿಂದ ಬೆಂಗಳೂರಿಗೆ ಹೆದ್ದಾರಿ ಹಿಡಿದು ಹೋಗುವವನಿಗೆ ಇಷ್ಟು ಸಾಲದೆ ಇಲ್ಲ. ಆದರೆ ಕೆಸರಿನಲ್ಲಿ?

ಸರಳ ಲೆಕ್ಕವೊಂದನ್ನು ಹಾಕಬಹುದು. ಡಾಂಬರಿನ ಮೇಲೆ ಗಾಲಿ ಉರುಳಲು ಎದುರಾಗುವ ತಡೆ ವಾಹನದ ಭಾರದ ನೂರರಲ್ಲಿ ಒಂದು ಪಾಲು ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು. ಮೆತ್ತನೆಯ ಮಣ್ಣಿನಲ್ಲಿ ಅದು ಹತ್ತರಲ್ಲಿ ಒಂದು ಪಾಲಿಗೆ, ಕೆಲವೊಮ್ಮೆ ಅದಕ್ಕೂ ಮೇಲೆ ಏರುತ್ತದೆ. ಜನರನ್ನೂ ಸೇರಿಸಿ 2,300 ಕಿಲೊ ತೂಗುವ ವಾಹನ ಇಂಥ ಮಣ್ಣಿನಲ್ಲಿ ಒಂದು ಕಿಲೊಮೀಟರು ಸಾಗಲು ಗಾಲಿಯ ಬಳಿಯೇ 0.6 ಯೂನಿಟ್ಟಿಗಿಂತ ಹೆಚ್ಚು ವಿದ್ಯುತ್ ಬೇಕು. ನಡುವಿನ ನಷ್ಟ ಸೇರಿಸಿದರೆ ಮುಕ್ಕಾಲು ಯೂನಿಟ್. 75 ಯೂನಿಟ್ಟಿನ ಬ್ಯಾಟರಿ ತುಂಬಿದ್ದರೂ 100 ಕಿಲೊಮೀಟರಿಗೆ ಬರಿದಾಗುತ್ತದೆ. ಗಾಲಿ ನಿಂತಲ್ಲೇ ತಿರುಗಿದರೆ ಅದೂ ಇಲ್ಲ. ಹೋದಷ್ಟೇ ದೂರ ಮರಳಬೇಕು ಎಂದಾದರೆ ಧೈರ್ಯದಿಂದ ಒಳಹೋಗಬಹುದಾದ ದೂರ 50 ಕಿಲೊಮೀಟರಿಗಿಂತಲೂ ಕಡಿಮೆ.

ಇದರಿಂದ ಹೆದರಬೇಕಿಲ್ಲ. ಯಾರೂ ದಿನಕ್ಕೆ 50 ಕಿಲೊಮೀಟರು ರಾಡಿಯಲ್ಲಿ ಓಡಿಸುವುದಿಲ್ಲ. ಆದರೆ ಲೆಕ್ಕ ಪ್ರಾಮಾಣಿಕವಾಗಿರಬೇಕು. ವಾಹನದ ಪರದೆಯ ಮೇಲೆ ಉಳಿದ ದೂರ ತೋರಿಸುವ ಅಂಕಿ ಹಿಂದಿನ ಹೆದ್ದಾರಿಯ ಓಟವನ್ನು ನೆಚ್ಚಿಕೊಂಡು 300 ಎಂದು ಹೇಳಿ, ಹೊಲಕ್ಕಿಳಿದ ಮೇಲೆ ಸರಸರನೆ ಕುಸಿದರೆ ಚಾಲಕನ ಎದೆಯೂ ಕುಸಿಯುತ್ತದೆ. ರಸ್ತೆ ಬಿಟ್ಟ ಚಾಲನೆಗೆ ಪ್ರತ್ಯೇಕವಾದ, ಬಂದ ದಾರಿಯಲ್ಲೇ ಮರಳಲು ಎಷ್ಟು ಬೇಕೆಂದು ಹೇಳುವ ಲೆಕ್ಕ ಬೇಕು.

ಕ್ಯಾನಿನಲ್ಲಿ ತರಲಾಗದ ಇಂಧನ

ಜೀಪಿನಲ್ಲಿ ಡೀಸೆಲ್ ಮುಗಿದರೆ ಬೈಕಿನ ಮೇಲೆ ಕ್ಯಾನಿನಲ್ಲಿ ತರಿಸಬಹುದು. ವಿದ್ಯುತ್ತನ್ನು ಹಾಗೆ ತರಲಾಗದು. ಹೆದ್ದಾರಿಯ ಮೇಲೆ ವೇಗದ ಚಾರ್ಜಿಂಗ್ ಕೇಂದ್ರಗಳು ಬಂದಿವೆ. ಅಲ್ಲಿ ಚಹಾ ಕುಡಿದು ಮುಗಿಸುವುದರೊಳಗೆ ಒಂದಷ್ಟು ದೂರಕ್ಕೆ ಸಾಕಾಗುವ ಚಾರ್ಜ್ ಸಿಗುತ್ತದೆ. ಆದರೆ ಇಂಥ ವಾಹನದ ಚಾಲಕನಿಗೆ ಬೇಕಿರುವುದು ಹೆದ್ದಾರಿಯಿಂದ ದೂರ, ಗುತ್ತಲ, ಕಾಗಿನೆಲೆ, ಮೆಡ್ಲೇರಿಯಂಥ ಊರುಗಳ ಸುತ್ತಮುತ್ತ.

ಮನೆಯ 16 ಆಂಪಿಯರಿನ ಸಾಕೆಟ್ಟು ತಾಸಿಗೆ 3 ಯೂನಿಟ್ಟಿಗಿಂತ ಸ್ವಲ್ಪ ಹೆಚ್ಚು ಕೊಡುತ್ತದೆ. ಬರಿದಾದ 75 ಯೂನಿಟ್ಟಿನ ಬ್ಯಾಟರಿ ತುಂಬಲು ಇಡೀ ಒಂದು ಹಗಲು, ಒಂದು ರಾತ್ರಿ. 7.2 ಕಿಲೊವ್ಯಾಟಿನ ಗೋಡೆ ಚಾರ್ಜರು ಕೂರಿಸಿದರೆ ಹತ್ತು, ಹನ್ನೊಂದು ತಾಸು. ಇದಕ್ಕೆ ಸ್ಥಿರವಾದ ವೋಲ್ಟೇಜು, ಸರಿಯಾದ ಅರ್ಥಿಂಗು, ಹೆಚ್ಚುವರಿ ಲೋಡಿನ ಮಂಜೂರಾತಿ ಬೇಕು. ಪಟ್ಟಣದ ಮನೆಗೆ ಇದು ಕಷ್ಟವಲ್ಲ. ಹೊಲದ ನಡುವಿನ ತೋಟದ ಮನೆಯ ಸ್ಥಿತಿ ಬೇರೆ. ಕೃಷಿ ಪಂಪ್‌ಸೆಟ್ಟುಗಳಿಗೆ ದಿನಕ್ಕೆ 7 ತಾಸು ತ್ರೀಫೇಸ್ ಎಂಬ ಸರ್ಕಾರದ ಮಾತು 2023ರ ಬರದಲ್ಲಿ 5 ತಾಸಿಗೆ ಇಳಿದು, ರೈತರ ಒತ್ತಾಯದ ನಂತರ ಮತ್ತೆ ಏರಿತು. ಪಂಪ್‌ಸೆಟ್ಟಿನ ಉಚಿತ ವಿದ್ಯುತ್ತನ್ನು ಕಾರಿಗೆ ಹರಿಸುವುದಂತೂ ಸಲ್ಲದ ಮಾತು.

ದಾರಿ ಇಲ್ಲದಿಲ್ಲ. ಚಾವಣಿಯ ಮೇಲೆ 5 ಕಿಲೊವ್ಯಾಟಿನ ಸೌರಫಲಕ ಹಾಕಿಸಿದರೆ ಬಿಸಿಲಿನ ದಿನಗಳಲ್ಲಿ ಸರಾಸರಿ 20 ಯೂನಿಟ್ ಸಿಗುತ್ತದೆ. ಒಳ್ಳೆಯ ರಸ್ತೆಯಲ್ಲಿ 100 ಕಿಲೊಮೀಟರಿನ ಓಡಾಟಕ್ಕೆ ಅದು ಸಾಕು. 2024ರ ಫೆಬ್ರುವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆ ಮನೆಗಳಿಗೆ 78,000 ರೂಪಾಯಿವರೆಗೆ ಸಹಾಯಧನ ನಿಗದಿ ಮಾಡಿತು. ಬ್ಯಾಡಗಿಯ ಶೀತಲಗೃಹಗಳು, ಎಪಿಎಂಸಿ ಪ್ರಾಂಗಣಗಳು ಹಾಗೂ ಪಂಚಾಯಿತಿ ಕಟ್ಟಡಗಳ ವಿಶಾಲ ಚಾವಣಿಗಳು ಕಣ್ಣೆದುರೇ ಇವೆ. ಮೆಣಸಿನಕಾಯಿ ಹೇರಿಕೊಂಡು ಬಂದ ವಾಹನ ಹರಾಜು ಮುಗಿಯುವವರೆಗೆ ಮಾರುಕಟ್ಟೆಯಲ್ಲೇ ನಿಂತಿರುತ್ತದೆ. ಚಾರ್ಜಿಂಗಿಗೆ ಅದಕ್ಕಿಂತ ಒಳ್ಳೆಯ ಹೊತ್ತು ಯಾವುದು? ಒಂದು ವಾಹನದಿಂದ ಇನ್ನೊಂದಕ್ಕೆ ವಿದ್ಯುತ್ ಕಡ ಕೊಡುವ ಸೌಲಭ್ಯವೂ ಕೆಲವು ಹೊಸ ಕಾರುಗಳಲ್ಲಿ ಬಂದಿದೆ. ಅದು ಆಡಂಬರವಲ್ಲ, ಇಂಥ ದಾರಿಗಳಲ್ಲಿ ಅದೇ ಡೀಸೆಲಿನ ಕ್ಯಾನು.

ಹಳ್ಳ, ಹಗ್ಗ, ಗ್ಯಾರೇಜು

ವಿದ್ಯುತ್ ವಾಹನ ನೀರಿಗಿಳಿದರೆ ಶಾಕ್ ಹೊಡೆಯುತ್ತದೆ ಎಂಬುದು ಇನ್ನೂ ಹಲವರ ನಂಬಿಕೆ. ಒಳ್ಳೆಯ ಬ್ಯಾಟರಿಗಳನ್ನು ಐಪಿ 67 ಎಂಬ ಮಾನದಂಡಕ್ಕೆ ಮುಚ್ಚಿರುತ್ತಾರೆ. ಒಂದು ಮೀಟರು ನೀರಿನಲ್ಲಿ ಅರ್ಧ ತಾಸು ಮುಳುಗಿದರೂ ಒಳಗೆ ನೀರು ಹೋಗಬಾರದು ಎಂಬುದು ಅದರ ಅರ್ಥ. ಗಾಳಿ ಎಳೆದುಕೊಳ್ಳುವ ಎಂಜಿನ್ ಇಲ್ಲದಿರುವುದರಿಂದ ನೀರು ಕುಡಿದು ಕೆಡುವ ಭಯವೂ ಇಲ್ಲ. ಆದರೆ ಹೊಸ ಬ್ಯಾಟರಿಯ ಮುಚ್ಚಳ ಮತ್ತು ಐದು ವರ್ಷ ಕಲ್ಲಿಗೆ ತಾಗಿದ ಬ್ಯಾಟರಿಯ ಮುಚ್ಚಳ ಒಂದೇ ಅಲ್ಲ. ತಳದ ಕವಚ ದಪ್ಪನೆಯ ಉಕ್ಕಿನದಾಗಿರಬೇಕು, ತಗ್ಗಾದರೆ ಅದನ್ನಷ್ಟೇ ಬದಲಿಸುವಂತಿರಬೇಕು. ಇಷ್ಟಾಗಿಯೂ 2019ರ ಆಗಸ್ಟ್‌ನಲ್ಲಿ ವರದಾ, ಧರ್ಮಾ ನದಿಗಳು ಉಕ್ಕಿದಾಗ ಈ ಜಿಲ್ಲೆ ಕಂಡ ನೀರಿನೆದುರು ಯಾವ ವಾಹನದ ಅಂಕಿಯೂ ನಿಲ್ಲುವುದಿಲ್ಲ. ಹರಿಯುವ ನೀರಿಗೆ ಇಳಿಯದಿರುವುದೇ ಜಾಣತನ.

ಸಿಕ್ಕಿಬಿದ್ದ ಜೀಪನ್ನು ನ್ಯೂಟ್ರಲಿಗೆ ಹಾಕಿ, ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಊರವರೆಗೆ ಎಳೆಯುವುದು ಇಲ್ಲಿಯ ರೂಢಿ. ಬಹುತೇಕ ವಿದ್ಯುತ್ ಕಾರುಗಳಲ್ಲಿ ಮೋಟಾರು ಗಾಲಿಗೆ ನೇರವಾಗಿ ಕಟ್ಟಿಕೊಂಡಿರುತ್ತದೆ. ಗಾಲಿ ತಿರುಗಿದರೆ ಮೋಟಾರೂ ತಿರುಗಿ ವಿದ್ಯುತ್ ಹುಟ್ಟಿಸುತ್ತದೆ. ಹಾಗಾಗಿ ಗಾಲಿ ನೆಲಕ್ಕೆ ತಾಗಿಸಿ ದೂರ ಎಳೆಯಬಾರದು, ಲಾರಿಯ ಮೇಲೆ ಹೇರಿಯೇ ಒಯ್ಯಬೇಕು ಎಂದು ಕೈಪಿಡಿಗಳು ಹೇಳುತ್ತವೆ. ಹೇರಿ ಒಯ್ಯುವ ಲಾರಿ ಹೊಲಕ್ಕೆ ಬರುವುದು ಹೇಗೆ? ಗಾಲಿಯನ್ನು ಮೋಟಾರಿನಿಂದ ಬಿಡಿಸುವ ಸರಳ ಉಪಾಯ, ಮುಂದೆ ಹಿಂದೆ ಗಟ್ಟಿಯಾದ ಕೊಂಡಿಗಳು, ಇವನ್ನು ಕೊಡದ ವಾಹನ ಈ ದಾರಿಗೆ ಬರಬಾರದು.

ಇನ್ನು ರಿಪೇರಿ. ಹಾವೇರಿ, ರಾಣೆಬೆನ್ನೂರಿನ ಗ್ಯಾರೇಜುಗಳಲ್ಲಿ ಜೀಪಿನ ಎಂಜಿನ್ ಬಿಚ್ಚಿ ಕೂರಿಸುವ ಕೈಗಳಿವೆ. ಆ ಕೈಗಳಿಗೆ ನೂರಾರು ವೋಲ್ಟಿನ ಬ್ಯಾಟರಿಯನ್ನು ತರಬೇತಿಯಿಲ್ಲದೆ ಮುಟ್ಟಿಸುವುದು ಪ್ರಾಣಕ್ಕೇ ಅಪಾಯ. ಆದರೆ ಸಣ್ಣ ದೋಷಕ್ಕೂ ಹುಬ್ಬಳ್ಳಿಗೆ ಒಯ್ಯಬೇಕಾದರೆ ಹವ್ಯಾಸ ಬಹುಕಾಲ ಬಾಳದು. ಜಿಲ್ಲೆಯ ಐಟಿಐ, ಪಾಲಿಟೆಕ್ನಿಕ್‌ಗಳಲ್ಲಿ ಈ ವಿದ್ಯೆ ಬರಬೇಕು. ಸಸ್ಪೆನ್ಷನ್, ಬ್ರೇಕು, ಕೂಲಿಂಗಿನಂಥ ಭಾಗಗಳ ದುರಸ್ತಿ ಊರಿನ ಮೆಕ್ಯಾನಿಕ್ಕಿಗೆ ತೆರೆದಿರಬೇಕು. ಎಲ್ಲವನ್ನೂ ಸಾಫ್ಟ್‌ವೇರಿನ ಬೀಗದೊಳಗಿಟ್ಟು ಕೀಲಿಯನ್ನು ಕಂಪನಿಯೇ ಇಟ್ಟುಕೊಂಡರೆ ಕೊಂಡವನು ಒಡೆಯನಲ್ಲ, ಬಾಡಿಗೆದಾರ.

ಬೆಲೆಯ ಗೆರೆ

ಎಲ್ಲಕ್ಕಿಂತ ಕಠಿಣವಾದುದು ಬೆಲೆ. 2020ರ ಅಕ್ಟೋಬರಿನಲ್ಲಿ ಥಾರ್ ಬಂದಾಗ ಅದರ ಆರಂಭಿಕ ಬೆಲೆ 9.80 ಲಕ್ಷ ರೂಪಾಯಿ. 2025ರಲ್ಲಿ ಹ್ಯಾರಿಯರ್ ಇವಿ ಬಂದಾಗ ಆರಂಭಿಕ ಬೆಲೆ 21.49 ಲಕ್ಷ, ನಾಲ್ಕೂ ಗಾಲಿಗೆ ಶಕ್ತಿಯಿರುವ ಮಾದರಿಗೆ 28.99 ಲಕ್ಷ. ಇಲ್ಲೊಂದು ವಿಪರ್ಯಾಸವನ್ನು ಗಮನಿಸಬೇಕು. ಅದಕ್ಕೆ ಮೊದಲು, 2024ರ ಮಾರ್ಚ್‌ನಲ್ಲಿ, ರಾಜ್ಯ ಸರ್ಕಾರ 25 ಲಕ್ಷ ರೂಪಾಯಿಗಿಂತ ಹೆಚ್ಚು ಬೆಲೆಯ ವಿದ್ಯುತ್ ಕಾರುಗಳಿಗೆ ಶೇ 10ರ ಆಜೀವ ತೆರಿಗೆ ವಿಧಿಸಿತ್ತು. ಐಷಾರಾಮಿ ಕಾರುಗಳ ಮೇಲೆ ತೆರಿಗೆ ಎಂಬುದು ನ್ಯಾಯವೇ. ಆದರೆ ಗೆರೆ ಬಿದ್ದ ಜಾಗದಿಂದಾಗಿ, ಪಟ್ಟಣದಲ್ಲಿ ಓಡುವ ಎರಡು ಗಾಲಿ ಶಕ್ತಿಯ ಮಾದರಿ ವಿನಾಯಿತಿಯ ಕಡೆಗೆ, ಕೆಸರಿಗಿಳಿಯಬಲ್ಲ ನಾಲ್ಕು ಗಾಲಿ ಶಕ್ತಿಯ ಮಾದರಿ ಐಷಾರಾಮಿಯ ಕಡೆಗೆ ಬಂದವು.

ಇದರಲ್ಲಿ ಸರ್ಕಾರಕ್ಕಿಂತ ಕಂಪನಿಗಳ ಪಾಲು ಹೆಚ್ಚು. ನಾಲ್ಕು ಗಾಲಿಗಳ ಶಕ್ತಿಯನ್ನು ಅತ್ಯಂತ ದುಬಾರಿ ಮಾದರಿಗೆ, ಗಾಜಿನ ಚಾವಣಿ, ದೊಡ್ಡ ಪರದೆ, ಹತ್ತಾರು ಸ್ಪೀಕರುಗಳ ಜೊತೆಗೆ ಕಟ್ಟಿ ಮಾರಿದರೆ ಬೆಲೆ ಏರದೆ ಇನ್ನೇನಾಗುತ್ತದೆ? ಹವ್ಯಾಸಿಯ ನಿಜವಾದ ಬೇಡಿಕೆ ತದ್ವಿರುದ್ಧ. ಪರದೆ ಚಿಕ್ಕದಿರಲಿ, ಕೆಸರಿನ ಕೈಯಿಂದಲೂ ತಿರುಗಿಸಬಹುದಾದ ಗುಂಡಿಗಳಿರಲಿ. ನೀರು ಹೊಯ್ದು ತೊಳೆಯಬಹುದಾದ ನೆಲಹಾಸಿರಲಿ. ಬ್ಯಾಟರಿ ಮಧ್ಯಮ ಗಾತ್ರದ್ದಿರಲಿ, ತೂಕ ಇಳಿಯಲಿ. ಉಳಿದ ಹಣದಲ್ಲಿ ಒಳ್ಳೆಯ ಟೈರು, ತಳಕ್ಕೆ ಉಕ್ಕಿನ ಕವಚ, ಒಂದು ಲಾಕ್ ಕೊಡಲಿ.

ಮೌನ ಎಂಬ ಪರವಾನಗಿ ಅಲ್ಲ

ಹವ್ಯಾಸಿಗಳಿಗೂ ಒಂದು ಮಾತು ಹೇಳಬೇಕು. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ 1974ರಲ್ಲಿ ಘೋಷಣೆಯಾದದ್ದು. 119 ಚದರ ಕಿಲೊಮೀಟರು ವಿಸ್ತಾರದ್ದು. ವಿದ್ಯುತ್ ವಾಹನಕ್ಕೆ ಹೊಗೆಯಿಲ್ಲ, ಸದ್ದಿಲ್ಲ, ಆದ್ದರಿಂದ ಕಾಡಿಗೆ ಹಾನಿಯಿಲ್ಲ ಎಂಬ ವಾದ ಹುಟ್ಟಿಕೊಳ್ಳುವುದು ಸಹಜ. ಆದರೆ ಎರಡು ಟನ್ನಿನ ಗಾಲಿಗೆ ಸಿಕ್ಕ ಹುಲ್ಲಿನ ನೆಲಕ್ಕೆ ಎಂಜಿನ್ ಯಾವುದೆಂಬ ಪ್ರಶ್ನೆಯಿಲ್ಲ. ಸದ್ದಿಲ್ಲದೆ ಹತ್ತಿರ ಬರುವ ವಾಹನ ಮರಿಯೊಡನಿರುವ ಜಿಂಕೆಯನ್ನು ಇನ್ನಷ್ಟು ಬೆದರಿಸೀತು. ಅಭಯಾರಣ್ಯಕ್ಕೆ ಅನುಮತಿಯಿಲ್ಲದೆ ನುಗ್ಗುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಬಿತ್ತಿದ ಹೊಲ, ಕೆರೆಯ ಒಡ್ಡು, ದನ ಮೇಯುವ ಗೋಮಾಳಗಳೂ ಯಾರ ಆಟದ ಬಯಲೂ ಅಲ್ಲ. ಈ ಮರ್ಯಾದೆ ಉಳಿದರೆ ಮಾತ್ರ ಊರಿನವರು ಹಗ್ಗ ಹಿಡಿದು ನೆರವಿಗೆ ಬರುತ್ತಾರೆ.

ಪರೀಕ್ಷೆ ಎಲ್ಲಿ ನಡೆಯಬೇಕು

ಒಟ್ಟಿನಲ್ಲಿ ಹವ್ಯಾಸಿಯ ಬೇಡಿಕೆಗಳನ್ನು ಜೋಡಿಸಿ ನೋಡಿದರೆ ಸೋಜಿಗವೊಂದು ಕಾಣುತ್ತದೆ. ನಿಧಾನವಾಗಿ ತೆವಳುವ ಬಲ, ಕಡಿಮೆ ತೂಕ, ಎತ್ತರದ ತಳ, ಪ್ರಾಮಾಣಿಕ ಅಂಕಿ, ಊರಲ್ಲೇ ರಿಪೇರಿ, ಕೈಗೆಟಕುವ ಬೆಲೆ. ಇವು ವಾರಾಂತ್ಯದ ಮೋಜಿನ ಬೇಡಿಕೆಗಳಷ್ಟೇ ಅಲ್ಲ. ಮಳೆಯಲ್ಲಿ ಕಂಬ ಹತ್ತಲು ಹೋಗುವ ಹೆಸ್ಕಾಂ ಲೈನ್‌ಮನ್, ರಾತ್ರಿ ಹಸುವಿನ ಹೆರಿಗೆಗೆ ಧಾವಿಸುವ ಪಶುವೈದ್ಯ, ಗರ್ಭಿಣಿಯನ್ನು ಕರೆತರುವ ಆಂಬುಲೆನ್ಸು, ಗೋವಿನಜೋಳದ ಬೀಜ ಹೊತ್ತು ಹೊಲಕ್ಕೆ ಹೋಗುವ ರೈತ, ಇವರೆಲ್ಲರ ಬೇಡಿಕೆಗಳೂ ಇವೇ. ನಗರದ ಹವ್ಯಾಸಿ ರಸ್ತೆಯಿದ್ದೂ ಅದನ್ನು ಬಿಡುತ್ತಾನೆ, ಇವರಿಗೆ ಬಿಡಲು ರಸ್ತೆಯೇ ಇಲ್ಲ. ಇವರಿಗಾಗಿ ಕಟ್ಟಿದ ವಾಹನ ಹವ್ಯಾಸಿಯನ್ನು ತಾನಾಗಿ ಗೆಲ್ಲುತ್ತದೆ. ಜೀಪಿನ ಚರಿತ್ರೆಯೇ ಇದಕ್ಕೆ ಸಾಕ್ಷಿ. ಅದು ಯುದ್ಧದ ಕೆಲಸಕ್ಕೆಂದು ಹುಟ್ಟಿ, ಹೊಲದ ಕೆಲಸಕ್ಕೆ ಬಂದು, ಕೊನೆಗೆ ಹವ್ಯಾಸವಾಯಿತು. ಈ ಕ್ರಮವನ್ನು ತಿರುಗಿಸಿ, ಮೋಜಿಗೆಂದು ಕಟ್ಟಿದ್ದನ್ನು ದುಡಿಮೆಗೆ ಹಚ್ಚಲು ಹೊರಟರೆ ಗೆಲುವು ಅನುಮಾನ.

ಹೊಸ ವಾಹನಗಳನ್ನು ಬಂಡೆ ಹತ್ತಿಸಿ, ಚಿತ್ರ ತೆಗೆದು ತೋರಿಸುವುದು ಒಳ್ಳೆಯದೇ. ಅದರ ಜೊತೆಗೆ ಕಂಪನಿಗಳು ಇನ್ನೊಂದು ಪರೀಕ್ಷೆಗೂ ಒಪ್ಪಲಿ. ಆರಿದ್ರಾ ಮಳೆ ಸುರಿದ ಮರುದಿನ ಮೋಟೆಬೆನ್ನೂರಿನಲ್ಲಿ ಹೆದ್ದಾರಿ ಇಳಿದು, ಐದು ಮಂದಿ, ನಾಲ್ಕು ಗೊಬ್ಬರದ ಚೀಲ ಹೊತ್ತು, ಬ್ಯಾಟರಿ ಅರ್ಧವಿರುವಾಗ ಒಂದು ಎರೆ ಹೊಲಕ್ಕೆ ಹೋಗಿ, ಕತ್ತಲಾಗುವ ಮುನ್ನ ಟ್ರ್ಯಾಕ್ಟರಿನ ಹಗ್ಗವಿಲ್ಲದೆ ಮರಳಿ ಬರಲಿ. ಬಂದರೆ, ಅದನ್ನು ಕೊಳ್ಳಲು ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳಲ್ಲಿ ಜಾಹೀರಾತಿನ ಅಗತ್ಯವೇ ಬೀಳದು.